ಕಪ್ಪುರಂಧ್ರದ ಅಸಲು ಮತ್ತು ಬಡ್ಡಿ

1963ರ ಫೆಬ್ರುವರಿ 5. ಅಮೆರಿಕದ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯ ತಮ್ಮ ಕೋಣೆಯಲ್ಲಿ ಕುಳಿತು 33 ವರ್ಷದ ಡಚ್ ಖಗೋಳ ವಿಜ್ಞಾನಿ ಮಾರ್ಟನ್ ಶ್ಮಿಟ್ ಒಂದು ಲೇಖನ ಬರೆಯುತ್ತಿದ್ದರು. ಎದುರಿಗೆ ಇದ್ದದ್ದು ಪಾಲೊಮಾರ್ ಬೆಟ್ಟದ 200 ಅಂಗುಲದ ದೂರದರ್ಶಕದಿಂದ ತೆಗೆದ ಒಂದು ರೋಹಿತ. ಅಂದರೆ, ಒಂದು ಚುಕ್ಕೆಯ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿ ತೆಗೆದ ಚಿತ್ರ. ಚುಕ್ಕೆಯ ಹೆಸರು 3ಸಿ 273. ನೋಡಲು ಅದೊಂದು ಸಾಧಾರಣ ನಕ್ಷತ್ರ. ಆದರೆ ಅದರಿಂದ ರೇಡಿಯೋ ಅಲೆಗಳು ಪುಂಖಾನುಪುಂಖವಾಗಿ ಬರುತ್ತಿದ್ದವು. ರೋಹಿತದಲ್ಲಿದ್ದ ಗೆರೆಗಳೋ, ಭೂಮಿಯ ಮೇಲಿನ ಯಾವ ಮೂಲವಸ್ತುವಿಗೂ ತಾಳೆಯಾಗುತ್ತಿರಲಿಲ್ಲ.

ಆ ಚುಕ್ಕೆಯ ವಿಳಾಸ ಪತ್ತೆಯಾದದ್ದೇ ಒಂದು ಕತೆ. ಅಂದಿನ ರೇಡಿಯೋ ದೂರದರ್ಶಕಗಳಿಗೆ ಆಕಾಶದಲ್ಲಿ ಇಂಥ ಜಾಗವೇ ಎಂದು ಬೆರಳಿಟ್ಟು ತೋರಿಸುವ ಶಕ್ತಿ ಇರಲಿಲ್ಲ. 1962ರಲ್ಲಿ ಚಂದ್ರ ಈ ರೇಡಿಯೋ ಮೂಲಕ್ಕೆ ಅಡ್ಡ ಬರುವುದಿತ್ತು. ಅಲೆಗಳು ಯಾವ ಗಳಿಗೆಯಲ್ಲಿ ಮರೆಯಾಗಿ ಯಾವ ಗಳಿಗೆಯಲ್ಲಿ ಮರಳುತ್ತವೆಂದು ಗುರುತಿಸಿದರೆ, ಚಂದ್ರನ ಅಂಚು ಆಗ ಎಲ್ಲಿತ್ತು ಎಂಬುದರಿಂದ ಮೂಲದ ಜಾಗ ಸಿಗುತ್ತದೆ. ಸಿರಿಲ್ ಹಜಾರ್ಡ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕದಿಂದ ಈ ಕೆಲಸ ಮಾಡಿದರು. ಚಂದ್ರ ದಿಗಂತಕ್ಕೆ ತೀರ ಹತ್ತಿರವಿದ್ದ. ಆ ಭಾರಿ ತಟ್ಟೆಯನ್ನು ಅಷ್ಟು ಕೆಳಗೆ ಬಾಗಿಸಲು ಅಡ್ಡವಿದ್ದ ಮರಗಳನ್ನು ಕಡಿಸಬೇಕಾಯಿತೆಂದು ಅಲ್ಲಿನವರು ಇಂದಿಗೂ ಹೇಳುತ್ತಾರೆ.

ಶ್ಮಿಟ್ ಆ ದಿನ ಗಮನಿಸಿದ್ದು ಗೆರೆಗಳ ನಡುವಿನ ಅಂತರವನ್ನು. ಅದರಲ್ಲೊಂದು ಕ್ರಮವಿತ್ತು. ಅದು ಜಲಜನಕದ ಗೆರೆಗಳ ಕ್ರಮವೇ. ಆದರೆ ಪ್ರತಿಯೊಂದೂ ಕೆಂಪಿನ ಕಡೆಗೆ ಶೇಕಡ 16ರಷ್ಟು ಸರಿದಿತ್ತು. ವಿಶ್ವ ಹಿಗ್ಗುತ್ತಿರುವುದರಿಂದ ದೂರದ ಬೆಳಕು ದಾರಿಯಲ್ಲಿ ಎಳೆದಂತಾಗಿ ಕೆಂಪಾಗುತ್ತದೆ; ದೂರ ಹೆಚ್ಚಿದಷ್ಟೂ ಈ ‘ಕೆಂಪು ಪಲ್ಲಟ’ ಹೆಚ್ಚು. ಲೆಕ್ಕ ಹಾಕಿದರೆ 3ಸಿ 273 ನಮ್ಮಿಂದ 200 ಕೋಟಿ ಜ್ಯೋತಿರ್ವರ್ಷಗಳಿಗೂ ಆಚೆ ಇತ್ತು. ಅಷ್ಟು ದೂರದಿಂದಲೂ ಕಾಣಬೇಕಾದರೆ ಅದು ಇಡೀ ಗೆಲಾಕ್ಸಿಯನ್ನು ಮೀರಿ ಉರಿಯುತ್ತಿರಬೇಕು. ಕಚೇರಿಯಲ್ಲಿ ನಂಬಲಾಗದ್ದೊಂದು ನಡೆಯಿತೆಂದು ಶ್ಮಿಟ್ ಆ ಸಂಜೆ ಮನೆಗೆ ಹೋಗಿ ಹೆಂಡತಿಗೆ ಹೇಳಿದರಂತೆ.

ಬೆರಗು ಅಲ್ಲಿಗೇ ನಿಲ್ಲಲಿಲ್ಲ. ಹಾರ್ವರ್ಡ್ ವೀಕ್ಷಣಾಲಯದಲ್ಲಿ ದಶಕಗಳಿಂದ ಜೋಡಿಸಿಟ್ಟಿದ್ದ ಹಳೆಯ ಛಾಯಾಚಿತ್ರ ಫಲಕಗಳನ್ನು ತೆಗೆದು ನೋಡಿದಾಗ ಈ ಚುಕ್ಕೆ ಆಗಾಗ ಮಂಕಾಗಿ ಮತ್ತೆ ಬೆಳಗುತ್ತಿದ್ದುದು ಗೊತ್ತಾಯಿತು. ಒಂದು ವಸ್ತು ಇಡಿಯಾಗಿ ಮಿನುಗಬೇಕಾದರೆ ಅದರ ಒಂದು ತುದಿಯ ಸುದ್ದಿ ಇನ್ನೊಂದು ತುದಿಗೆ ತಲುಪಬೇಕು. ಸುದ್ದಿ ಬೆಳಕಿಗಿಂತ ವೇಗವಾಗಿ ಓಡಲಾರದು. ಕೆಲವೇ ವರ್ಷಗಳಲ್ಲಿ, ಕೆಲವೊಮ್ಮೆ ಇನ್ನೂ ಬೇಗ, ಮಿನುಗುವ ವಸ್ತು ಗೆಲಾಕ್ಸಿಯಷ್ಟು ದೊಡ್ಡದಾಗಿರಲು ಸಾಧ್ಯವೇ ಇಲ್ಲ. ನೂರಾರು ಗೆಲಾಕ್ಸಿಗಳ ಬೆಳಕು, ಆದರೆ ಗಾತ್ರ ಅತ್ಯಲ್ಪ. ಇಂಥವುಗಳಿಗೆ ‘ಕ್ವೇಸಾರ್’ ಎಂಬ ಹೆಸರು ಬಂತು.

ನಗೆಯಾಡಿದವರದೇ ನಿಯಮ

ಈ ಬೆಳಕಿಗೆ ಇಂಧನ ಯಾವುದು? 1964ರಲ್ಲಿ ಅಮೆರಿಕದ ಎಡ್ವಿನ್ ಸಾಲ್‌ಪೀಟರ್ ಮತ್ತು ರಷ್ಯದ ಯಾಕೊವ್ ಝೆಲ್ಡೊವಿಚ್ ಬೇರೆ ಬೇರೆಯಾಗಿಯೇ ಒಂದು ಉತ್ತರಕ್ಕೆ ಬಂದರು. ಅತಿ ಭಾರದ, ಅತಿ ಸಣ್ಣ ವಸ್ತುವೊಂದರ ಸುತ್ತ ಅನಿಲ ಸುಳಿಯಂತೆ ತಿರುಗುತ್ತ ಒಳಬೀಳುತ್ತದೆ. ಬೀಳುವಾಗ ಒಂದಕ್ಕೊಂದು ಉಜ್ಜಿ ಕಾಯುತ್ತದೆ. ನುಂಗಿದ ರಾಶಿಯಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಬೆಳಕಾಗಿ ಹೊರಬರುತ್ತದೆ. ಸೂರ್ಯನ ಒಡಲಲ್ಲಿ ಜಲಜನಕ ಉರಿದಾಗ ಹೀಗೆ ಶಕ್ತಿಯಾಗುವುದು ನೂರರಲ್ಲಿ ಒಂದು ಪಾಲೂ ಅಲ್ಲ. ಬೆಳಕು ಕೂಡ ಹೊರಬರಲಾಗದ ಇಂಥ ವಸ್ತುವಿಗೆ ಜಾನ್ ವೀಲರ್ 1967ರ ಹೊತ್ತಿಗೆ ಬಳಕೆಗೆ ತಂದ ಹೆಸರನ್ನೇ ನಾವು ಕನ್ನಡದಲ್ಲಿ ಕಪ್ಪುರಂಧ್ರವೆಂದೂ ಕೃಷ್ಣವಿವರವೆಂದೂ ಕರೆಯುತ್ತೇವೆ.

ಕಪ್ಪುರಂಧ್ರದ ಕಲ್ಪನೆಗೆ ದಾರಿ ತೆರೆದವರಲ್ಲಿ ಒಬ್ಬರು ನಮ್ಮವರೇ ಆದ ಸುಬ್ರಹ್ಮಣ್ಯನ್ ಚಂದ್ರಶೇಖರ್. 1930ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುವಾಗ, ಇಂಧನ ತೀರಿದ ನಕ್ಷತ್ರ ಒಂದು ಮಿತಿಗಿಂತ ಭಾರವಾಗಿದ್ದರೆ ತನ್ನ ಕುಸಿತವನ್ನು ತಾನೇ ತಡೆಯಲಾರದೆಂದು ಅವರು ಲೆಕ್ಕ ಹಾಕಿದ್ದರು. 1935ರ ಜನವರಿ 11ರಂದು ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯಲ್ಲಿ 24ರ ಹರೆಯದ ಚಂದ್ರಶೇಖರ್ ಇದನ್ನು ಮಂಡಿಸಿ ಕುಳಿತರು. ಅವರ ಹಿಂದೆಯೇ ಎದ್ದು ನಿಂತವರು ಆ ಕಾಲದ ಖಗೋಳ ವಿಜ್ಞಾನದ ಹಿರಿಯಜ್ಜ ಸರ್ ಆರ್ಥರ್ ಎಡಿಂಗ್ಟನ್. ನಕ್ಷತ್ರ ಇಷ್ಟು ಅಸಂಬದ್ಧವಾಗಿ ನಡೆದುಕೊಳ್ಳದಂತೆ ಪ್ರಕೃತಿಯೇ ಒಂದು ನಿಯಮ ಮಾಡಿರಬೇಕೆಂದು ಅವರು ಹಾಸ್ಯ ಮಾಡಿದರು. ಸಭೆ ನಕ್ಕಿತು. ಆ ಲೆಕ್ಕದ ಮಹತ್ವಕ್ಕೆ ನೊಬೆಲ್ ಪ್ರಶಸ್ತಿ ಸಿಕ್ಕಿದ್ದು 1983ರಲ್ಲಿ.

ವಿಚಿತ್ರವೆಂದರೆ ಕಪ್ಪುರಂಧ್ರವನ್ನು ಒಪ್ಪದ ಎಡಿಂಗ್ಟನ್ನರ ಹೆಸರೇ ಇಂದು ಕಪ್ಪುರಂಧ್ರದ ಊಟಕ್ಕೆ ಕಡಿವಾಣವಾಗಿದೆ. ಬೆಳಕಿಗೂ ತಳ್ಳುವ ಬಲವಿದೆ, ನಕ್ಷತ್ರ ಮಿತಿಮೀರಿ ಬೆಳಗಿದರೆ ಆ ಬೆಳಕೇ ಅದರ ಹೊರ ಅನಿಲವನ್ನು ದಬ್ಬಿಬಿಡುತ್ತದೆ ಎಂದು ಅವರು ಅದಕ್ಕೂ ಮೊದಲೇ ತೋರಿಸಿದ್ದರು. ಕಪ್ಪುರಂಧ್ರಕ್ಕೂ ಇದೇ ಮಾತು. ಅವಸರದಿಂದ ನುಂಗಿದರೆ ಒಳಬೀಳುವ ಅನಿಲದ ಬೆಳಕು ಹಿಂದೆ ಬರುವ ಅನಿಲವನ್ನು ಬಾಗಿಲಲ್ಲೇ ತಡೆಯುತ್ತದೆ. ಇದು ‘ಎಡಿಂಗ್ಟನ್ ಮಿತಿ’.

ತಾಳೆಯಾಗದ ಲೆಕ್ಕ

ಈ ಮಿತಿಯೊಳಗೆ ಕಪ್ಪುರಂಧ್ರ ಬೆಳೆಯುವ ಬಗೆ ಚಕ್ರಬಡ್ಡಿಯಂತೆ. ದೊಡ್ಡದಾದಷ್ಟೂ ಹೆಚ್ಚು ತಿನ್ನಬಲ್ಲದು, ಹೆಚ್ಚು ತಿಂದಷ್ಟೂ ದೊಡ್ಡದಾಗುತ್ತದೆ. ಆದರೆ ಬಡ್ಡಿ ದರಕ್ಕೆ ಮೇಲುಮಿತಿಯಿದೆ. ಎಡೆಬಿಡದೆ ತಿಂದರೂ ಅದರ ರಾಶಿ ಇಮ್ಮಡಿಯಾಗಲು ಸುಮಾರು ಮೂರೂವರೆ ಕೋಟಿ ವರ್ಷ ಬೇಕು. ಇನ್ನು ಅಸಲಿನ ಮಾತು. ಭಾರಿ ನಕ್ಷತ್ರವೊಂದು ಸತ್ತು ಕುಸಿದರೆ ಉಳಿಯುವ ಕಪ್ಪುರಂಧ್ರ ಹತ್ತಾರು ಸೂರ್ಯರಷ್ಟು ತೂಗುತ್ತದೆ. ವಿಶ್ವದ ಮೊದಲ ತಲೆಮಾರಿನ ನಕ್ಷತ್ರಗಳು ಇನ್ನೂ ದಢೂತಿಯಾಗಿದ್ದವೆಂದು ನಂಬಿದರೆ ನೂರು ಸೂರ್ಯರಷ್ಟು ಎನ್ನಬಹುದು. ನೂರು ಸೂರ್ಯರ ಅಸಲು ನೂರು ಕೋಟಿ ಸೂರ್ಯರಾಗಬೇಕಾದರೆ 23 ಸಲ ಇಮ್ಮಡಿಯಾಗಬೇಕು. ಅದಕ್ಕೆ 80 ಕೋಟಿ ವರ್ಷ. ಮೊದಲ ನಕ್ಷತ್ರಗಳು ಹುಟ್ಟಿದ್ದೇ ಮಹಾಸ್ಫೋಟವಾಗಿ ಹತ್ತಿಪ್ಪತ್ತು ಕೋಟಿ ವರ್ಷಗಳ ಮೇಲೆ. ಅಂದಮೇಲೆ ವಿಶ್ವಕ್ಕೆ 90 ಕೋಟಿ ವರ್ಷ ತುಂಬುವ ಮುನ್ನ ನೂರು ಕೋಟಿ ಸೂರ್ಯರ ದೈತ್ಯ ಕಾಣಿಸಬಾರದು.

ಮೊದಮೊದಲು ಈ ಲೆಕ್ಕ ಯಾರಿಗೂ ತೊಡಕಾಗಿರಲಿಲ್ಲ. ಗೊತ್ತಿದ್ದ ಕ್ವೇಸಾರ್‌ಗಳಿಗೆಲ್ಲ ಬೆಳೆಯಲು ಬೇಕಾದಷ್ಟು ಕಾಲವಿತ್ತು. ಆಗ ದೈತ್ಯರು ನಿಜವಾಗಿ ಇದ್ದಾರೆಯೇ ಎಂಬುದೇ ಚರ್ಚೆ. ನಮ್ಮ ಆಕಾಶಗಂಗೆಯೂ ಸೇರಿ ಸಮೀಪದ ಗೆಲಾಕ್ಸಿಗಳ ನಡುಮನೆಯಲ್ಲಿ ಆರಿಹೋದ ಕ್ವೇಸಾರ್‌ಗಳು ಅಡಗಿರಬೇಕೆಂದು 1969ರಲ್ಲಿ ಬ್ರಿಟನ್ನಿನ ಡೊನಾಲ್ಡ್ ಲಿಂಡನ್-ಬೆಲ್ ವಾದಿಸಿದರು. 1994ರಲ್ಲಿ ಹಬಲ್ ದೂರದರ್ಶಕ ಎಂ 87 ಗೆಲಾಕ್ಸಿಯ ನಡುವೆ ಗಿರಗಿರನೆ ತಿರುಗುವ ಅನಿಲವನ್ನು ಕಂಡಿತು. ಆಕಾಶಗಂಗೆಯ ಕೇಂದ್ರದ ನಕ್ಷತ್ರಗಳ ಓಟವನ್ನು ವರ್ಷಾನುಗಟ್ಟಲೆ ಬೆನ್ನುಹತ್ತಿ ಅಲ್ಲೊಂದು 40 ಲಕ್ಷ ಸೂರ್ಯರ ತೂಕವಿದೆಯೆಂದು ತೋರಿಸಿದ ರೈನ್‌ಹಾರ್ಡ್ ಗೆಂಝೆಲ್ ಮತ್ತು ಆಂಡ್ರಿಯಾ ಗೆಝ್ 2020ರ ನೊಬೆಲ್ ಪಡೆದರು. ಅಷ್ಟರಲ್ಲಿ, 2019ರ ಏಪ್ರಿಲ್‌ನಲ್ಲಿ, ಎಂ 87ರ ರಂಧ್ರದ ನೆರಳಿನ ಚಿತ್ರವೇ ಪತ್ರಿಕೆಗಳ ಮುಖಪುಟದಲ್ಲಿ ಬಂದಾಗಿತ್ತು. ಅದರ ತೂಕ 650 ಕೋಟಿ ಸೂರ್ಯರಷ್ಟು.

ಇದ್ದಾರೆ ಎಂಬುದೇನೋ ಇತ್ಯರ್ಥವಾಯಿತು. ಹುಟ್ಟಿದ್ದು ಹೇಗೆ ಎಂಬ ಪ್ರಶ್ನೆ ಅಷ್ಟರೊಳಗೆ ಬಿಗಡಾಯಿಸಿತ್ತು. 2000ದ ಸುಮಾರಿಗೆ ಆಕಾಶದ ಕಾಲುಭಾಗವನ್ನು ಜರಡಿ ಹಿಡಿಯಲು ಹೊರಟ ಸ್ಲೋನ್ ಸಮೀಕ್ಷೆ, ವಿಶ್ವಕ್ಕೆ ನೂರು ಕೋಟಿ ವರ್ಷ ತುಂಬುವ ಮೊದಲಿನ ಕ್ವೇಸಾರ್‌ಗಳನ್ನು ಹೆಕ್ಕತೊಡಗಿತು. 2017ರಲ್ಲಿ ಸಿಕ್ಕ ಒಂದಕ್ಕೆ 80 ಕೋಟಿ ಸೂರ್ಯರ ತೂಕ. ವಿಶ್ವದ ವಯಸ್ಸು ಆಗ 69 ಕೋಟಿ ವರ್ಷ. 2021ರಲ್ಲಿ ಫೀಗೆ ವಾಂಗ್ ಮತ್ತು ಸಂಗಡಿಗರು ವರದಿ ಮಾಡಿದ್ದಕ್ಕೆ 160 ಕೋಟಿ ಸೂರ್ಯರ ತೂಕ. ವಿಶ್ವದ ವಯಸ್ಸು 67 ಕೋಟಿ. ಒಂದನೇ ತರಗತಿಯ ಗುಂಪು ಚಿತ್ರದಲ್ಲಿ ಮೀಸೆ ಹೊತ್ತ ಆರಡಿಯ ಆಳು ನಿಂತಂತೆ! ಹಿಂದಕ್ಕೆ ಲೆಕ್ಕ ಹಾಕಿದರೆ, ಒಂದು ದಿನವೂ ಉಪವಾಸವಿಲ್ಲದೆ ತಿಂದಿದ್ದರೂ ಇದರ ಅಸಲು ಹತ್ತಿಪ್ಪತ್ತು ಸಾವಿರ ಸೂರ್ಯರಷ್ಟಾದರೂ ಇರಬೇಕು.

ಇಷ್ಟು ದೂರದ, ಕಾಣದ ವಸ್ತುವನ್ನು ತೂಗುವುದಾದರೂ ಹೇಗೆ ಎಂದು ಓದುಗರು ಕೇಳಬಹುದು. ತಕ್ಕಡಿ ಮತ್ತೆ ಶ್ಮಿಟ್ಟರ ರೋಹಿತವೇ. ರಂಧ್ರದ ಸುತ್ತ ಅನಿಲ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಸುತ್ತುತ್ತದೆ. ಒಂದು ಬದಿಯ ಅನಿಲ ನಮ್ಮತ್ತ, ಇನ್ನೊಂದು ಬದಿಯದು ನಮ್ಮಿಂದಾಚೆ. ಹೀಗಾಗಿ ತೆಳ್ಳಗಿರಬೇಕಾದ ಗೆರೆ ಎರಡೂ ಕಡೆಗೆ ಹಿಗ್ಗಿ ಅಗಲವಾಗುತ್ತದೆ. ಗೆರೆ ಅಗಲವಾದಷ್ಟೂ ವೇಗ ಹೆಚ್ಚು. ಎಷ್ಟು ದೂರದಲ್ಲಿ ಸುತ್ತುತ್ತಿದೆ ಎಂಬುದನ್ನು ಕ್ವೇಸಾರಿನ ಹೊಳಪಿನಿಂದ ಅಂದಾಜು ಮಾಡುತ್ತಾರೆ. ವೇಗ ಮತ್ತು ದೂರ ಸಿಕ್ಕರೆ ತೂಕ ಸಿಕ್ಕಂತೆ. ಇದು ಅಂದಾಜಿನ ತೂಕ. ಎರಡು ಮೂರು ಪಟ್ಟು ಹೆಚ್ಚುಕಮ್ಮಿಯಾಗಬಹುದೆಂದು ಖಗೋಳ ವಿಜ್ಞಾನಿಗಳೂ ಒಪ್ಪುತ್ತಾರೆ. ಹಾಗೆಂದು ಮೂರು ಪಟ್ಟಿನ ತಪ್ಪಿನಿಂದ ಆರಡಿಯ ಆಳು ಮಗುವಾಗುವುದಿಲ್ಲ.

ಬೀಜದ ಹುಡುಕಾಟ

ಲೆಕ್ಕ ಸರಿಹೋಗಲು ದಾರಿಗಳು ಎರಡೇ. ಒಂದೋ ಬಡ್ಡಿ ದರ ಮಿತಿ ಮೀರಿರಬೇಕು, ಇಲ್ಲವೇ ಅಸಲೇ ದೊಡ್ಡದಿರಬೇಕು. ಈ ಅಸಲಿಗೆ ವಿಜ್ಞಾನಿಗಳು ‘ಬೀಜ’ ಎನ್ನುತ್ತಾರೆ. ಕೇಂಬ್ರಿಜ್‌ನ ಮಾರ್ಟಿನ್ ರೀಸ್ 1984ರ ಪ್ರಬಂಧವೊಂದರಲ್ಲಿ ಅನಿಲದ ಮೋಡದಿಂದ ದೈತ್ಯ ರಂಧ್ರದವರೆಗೆ ಇರಬಹುದಾದ ಹಾದಿಗಳನ್ನೆಲ್ಲ ಬಾಣದ ಗುರುತು ಹಾಕಿ ಒಂದೇ ನಕಾಶೆಯಲ್ಲಿ ತೋರಿಸಿದ್ದರು. ಮುಂದಿನ ನಾಲ್ಕು ದಶಕಗಳ ವಾದವೆಲ್ಲ ಆ ನಕಾಶೆಯ ಯಾವ ಬಾಣ ನಿಜವಾದದ್ದು ಎಂಬುದರ ಸುತ್ತಲೇ ಎಂದರೆ ಹೆಚ್ಚೇನೂ ಅಲ್ಲ.

ಅದರಲ್ಲಿ ಒಂದು ಹಾದಿ ನಕ್ಷತ್ರವೇ ಆಗದೆ ನೇರವಾಗಿ ರಂಧ್ರವಾಗುವುದು. ಸಾಮಾನ್ಯವಾಗಿ ಅನಿಲದ ಮೋಡ ತಣ್ಣಗಾಗುತ್ತ ಒಡೆದ ಹಾಲಿನಂತೆ ಗಡ್ಡೆಗಡ್ಡೆಯಾಗುತ್ತದೆ. ಒಂದೊಂದು ಗಡ್ಡೆ ಒಂದೊಂದು ನಕ್ಷತ್ರ. ವಿಶ್ವದ ಆರಂಭದಲ್ಲಿ ಇದ್ದದ್ದು ಜಲಜನಕ ಮತ್ತು ಹೀಲಿಯಂ ಮಾತ್ರ. ಆ ಅನಿಲವನ್ನು ತಣಿಸುವ ಕೆಲಸ ಜಲಜನಕದ ಅಣುಗಳದ್ದು. ಪಕ್ಕದ ಗೆಲಾಕ್ಸಿಯ ನೇರಳಾತೀತ ಕಿರಣ ಬಿದ್ದು ಆ ಅಣುಗಳು ಮುರಿದುಹೋದರೆ ಮೋಡ ತಣಿಯುವುದಿಲ್ಲ. ಸುಮಾರು ಎಂಟು ಸಾವಿರ ಡಿಗ್ರಿ ಶಾಖದಲ್ಲೇ ಉಳಿಯುತ್ತದೆ. ತಣಿಯದಿದ್ದರೆ ಒಡೆಯುವುದೂ ಇಲ್ಲ. ಇಡೀ ಮೋಡ ಒಂದೇ ಮುದ್ದೆಯಾಗಿ ಕುಸಿದು, ಹತ್ತು ಸಾವಿರದಿಂದ ಒಂದು ಲಕ್ಷ ಸೂರ್ಯರಷ್ಟು ಭಾರದ ರಂಧ್ರವಾಗಬಹುದು. ಅವಿ ಲೋಬ್, ಫೋಲ್ಕರ್ ಬ್ರಾಮ್, ಮಿಚೆಲ್ ಬೆಗೆಲ್‌ಮನ್, ಮಾರ್ಟಾ ವೊಲೊಂಟೆರಿ ಮೊದಲಾದವರು ಇದರ ಬೇರೆ ಬೇರೆ ರೂಪಗಳನ್ನು ಬೆಳೆಸಿದರು. ಕೊಯಮತ್ತೂರಿನಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ರೀಸ್ ಅವರ ಬಳಿಯೇ ಪಿಎಚ್.ಡಿ. ಮಾಡಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿರುವ ಪ್ರಿಯಂವದಾ ನಟರಾಜನ್ 2006ರಲ್ಲಿ ಜುಸೆಪ್ಪೆ ಲೊಡಾಟೊ ಅವರೊಡನೆ ಇಂಥ ಭಾರದ ಬೀಜಗಳ ಲೆಕ್ಕ ಕೊಟ್ಟರು.

ಬೇರೆ ಹಾದಿಗಳೂ ಇವೆ. ಒತ್ತೊತ್ತಾಗಿ ಕಿಕ್ಕಿರಿದ ನಕ್ಷತ್ರಗುಚ್ಛದಲ್ಲಿ ನಕ್ಷತ್ರಗಳು ಒಂದಕ್ಕೊಂದು ಢಿಕ್ಕಿ ಹೊಡೆದು ಸಾವಿರ ಸೂರ್ಯರ ಮಧ್ಯಮ ಬೀಜವಾಗಬಹುದು. ಒಮೆಗಾ ಸೆಂಟಾರಿ ಎಂಬ ಗುಚ್ಛದ ನಡುವೆ ಕನಿಷ್ಠ 8,200 ಸೂರ್ಯರ ತೂಕದ ರಂಧ್ರವಿರುವ ಸುಳಿವು 2024ರಲ್ಲಿ ಸಿಕ್ಕಿದೆ. ಮಹಾಸ್ಫೋಟದ ಮೊದಲ ಕ್ಷಣಗಳಲ್ಲೇ ರಂಧ್ರಗಳು ಹುಟ್ಟಿದ್ದವೆಂಬ ವಾದಕ್ಕೂ ಬೆಂಬಲಿಗರಿದ್ದಾರೆ. ಅದಕ್ಕೆ ಗಟ್ಟಿ ಸಾಕ್ಷ್ಯ ಇನ್ನೂ ಇಲ್ಲ.

ನಟರಾಜನ್ ಮತ್ತು ಸಂಗಡಿಗರು 2017ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಭಾರದ ಬೀಜ ನಿಜವಾಗಿದ್ದರೆ ಹೀಗೊಂದು ಗುರುತು ಕಾಣಬೇಕು ಎಂದು ಮೊದಲೇ ಬರೆದಿಟ್ಟರು. ನಮ್ಮ ಸುತ್ತಲಿನ ಗೆಲಾಕ್ಸಿಗಳಲ್ಲಿ ನಡುವಣ ರಂಧ್ರದ ತೂಕ ನಕ್ಷತ್ರಗಳ ಒಟ್ಟು ತೂಕದ ಸಾವಿರದಲ್ಲೊಂದು ಪಾಲಿನ ಆಸುಪಾಸು. ಭಾರದ ಬೀಜ ಮೊಳೆತ ಗೆಲಾಕ್ಸಿಯಲ್ಲಾದರೋ, ಆರಂಭದ ಅಲ್ಪ ಕಾಲ ರಂಧ್ರವೇ ನಕ್ಷತ್ರಗಳಿಗೆ ಸರಿಸಮನಾಗಿ ತೂಗಬೇಕು. ಮಗುವಿಗಿಂತ ಅದರ ತಲೆಯೇ ಭಾರ ಎಂಬಂತೆ.

ಅದನ್ನು ನೋಡಲು ಬೇಕಾದ ಕಣ್ಣು 2021ರ ಡಿಸೆಂಬರ್ 25ರಂದು ಆಕಾಶಕ್ಕೇರಿತು. ಆರೂವರೆ ಮೀಟರ್ ಕನ್ನಡಿಯ ಜೇಮ್ಸ್ ವೆಬ್ ದೂರದರ್ಶಕ ಅವಕೆಂಪು ಕಿರಣಗಳನ್ನು ನೋಡುತ್ತದೆ. ಆದಿಕಾಲದ ಬೆಳಕು ಹಿಗ್ಗಿ ಹಿಗ್ಗಿ ಈಗ ಅವಕೆಂಪಾಗಿಯೇ ನಮಗೆ ತಲುಪುವುದರಿಂದ ಇದು ಬೇಕಿತ್ತು. ಅಬೆಲ್ 2744 ಎಂಬ ಗೆಲಾಕ್ಸಿಗಳ ಗುಂಪು ತನ್ನ ಗುರುತ್ವಾಕರ್ಷಣೆಯಿಂದ ಹಿಂದಿನ ಬೆಳಕನ್ನು ಬಾಗಿಸಿ ಬೂದುಗಾಜಿನಂತೆ ಹಿಗ್ಗಿಸಿ ತೋರಿಸುತ್ತದೆ. ಅದರ ಮರೆಯಲ್ಲಿ ವೆಬ್ ಹಲವು ಎಳೆಯ ಗೆಲಾಕ್ಸಿಗಳನ್ನು ಕಂಡಿತು. ಅದೇ ಜಾಗವನ್ನು ಇನ್ನೊಂದು ದೂರದರ್ಶಕ ಎರಡು ವಾರಕ್ಕೂ ಮಿಕ್ಕಿ ಕಣ್ಣೆವೆಯಿಕ್ಕದೆ ನೋಡಿತ್ತು. ಕಾದ ಅನಿಲ ಹೊರಸೂಸುವ ಕ್ಷ-ಕಿರಣಗಳನ್ನು ಅದು ಹಿಡಿಯುತ್ತದೆ. ಯುಎಚ್‌ಝಡ್ 1 ಎಂಬ ಗೆಲಾಕ್ಸಿಯ ಕಡೆಯಿಂದ ಬಂದ ಕ್ಷ-ಕಿರಣಗಳು ಬೆರಳೆಣಿಕೆಯಷ್ಟೇ, ಆದರೆ ಒಂದೇ ತಾಣದಿಂದ. 2023ರ ನವೆಂಬರ್‌ನಲ್ಲಿ ಅಕೋಶ್ ಬೊಗ್ದಾನ್, ನಟರಾಜನ್ ಮೊದಲಾದವರು ಇದನ್ನು ಪ್ರಕಟಿಸಿದರು. ಮಹಾಸ್ಫೋಟವಾಗಿ 47 ಕೋಟಿ ವರ್ಷಗಳಷ್ಟೇ ಆಗಿದ್ದಾಗ ಅಲ್ಲೊಂದು ಕೋಟಿಯಿಂದ ಹತ್ತು ಕೋಟಿ ಸೂರ್ಯರ ತೂಕದ ರಂಧ್ರ. ಸುತ್ತಲಿನ ನಕ್ಷತ್ರಗಳೆಲ್ಲ ಸೇರಿದರೂ ಹೆಚ್ಚುಕಡಿಮೆ ಅಷ್ಟೇ ತೂಕ. ಕ್ಷ-ಕಿರಣ ಹಿಡಿದ ಆ ದೂರದರ್ಶಕದ ಹೆಸರು ‘ಚಂದ್ರ’. 1999ರಲ್ಲಿ ಹಾರಿಸುವಾಗ, 1935ರಲ್ಲಿ ನಗೆಪಾಟಲಿಗೆ ಗುರಿಯಾಗಿದ್ದ ಅದೇ ಚಂದ್ರಶೇಖರರ ಹೆಸರನ್ನು ಅದಕ್ಕೆ ಇಟ್ಟಿದ್ದರು.

ಕೆಂಪು ಚುಕ್ಕೆಗಳ ಕಾಟ

ಇಷ್ಟಕ್ಕೇ ಭಾರದ ಬೀಜದ ಪಕ್ಷ ಗೆದ್ದಿತು ಎನ್ನುವುದು ಅವಸರವಾದೀತು. ಬಡ್ಡಿ ದರದ ಪಕ್ಷದ ಕೈಗೂ ಸಾಕ್ಷ್ಯ ಸಿಕ್ಕಿದೆ. ಜಿಎನ್-ಝಡ್ 11 ಎಂಬ ಗೆಲಾಕ್ಸಿಯ ರಂಧ್ರ, ವಿಶ್ವಕ್ಕೆ 43 ಕೋಟಿ ವರ್ಷವಾಗಿದ್ದಾಗ, ಎಡಿಂಗ್ಟನ್ ಮಿತಿಯ ಸುಮಾರು ಐದು ಪಟ್ಟು ವೇಗದಲ್ಲಿ ತಿನ್ನುತ್ತಿತ್ತೆಂದು ರಾಬರ್ಟೊ ಮೈಯೊಲಿನೊ ಅವರ ತಂಡ 2024ರ ಜನವರಿಯಲ್ಲಿ ವರದಿ ಮಾಡಿತು. ಅದೇ ವರ್ಷ ಇನ್ನೊಂದು ರಂಧ್ರ ಮಿತಿಯ ನಲವತ್ತು ಪಟ್ಟು ನುಂಗುತ್ತಿರುವುದು ಕಂಡಿತು. ಇಂಥ ಹಬ್ಬದೂಟ ಎಷ್ಟು ಕಾಲ ನಡೆಯುತ್ತದೆ ಎಂಬುದು ಬೇರೆ ಮಾತು. ಕೆಲಕಾಲವಾದರೂ ನಡೆದರೆ ನೂರು ಸೂರ್ಯರ ಬಡ ಅಸಲೂ ಸಾಕಾಗಬಹುದು.

ಇವುಗಳ ನಡುವೆ ಯಾರೂ ಎದುರುನೋಡದಿದ್ದ ಅತಿಥಿಗಳೂ ಬಂದಿದ್ದಾರೆ. ವೆಬ್ ತೆಗೆದ ಚಿತ್ರಗಳಲ್ಲೆಲ್ಲ ಪುಟ್ಟ ಕೆಂಪು ಚುಕ್ಕೆಗಳು. ನೂರಾರು ಸಿಕ್ಕಿವೆ. ವಿಶ್ವಕ್ಕೆ 60 ಕೋಟಿಯಿಂದ 150 ಕೋಟಿ ವರ್ಷವಾಗಿದ್ದ ಅವಧಿಯಲ್ಲಿ ಇವು ದಂಡಿಯಾಗಿದ್ದು, ಆಮೇಲೆ ವಿರಳವಾಗುತ್ತವೆ. ಗೆರೆಗಳು ಅಗಲವಾಗಿರುವುದರಿಂದ ಇವು ರಂಧ್ರಗಳೇ ಎನಿಸುತ್ತದೆ. ಆದರೆ ಕ್ಷ-ಕಿರಣ ಮಾತ್ರ ಬಹುಪಾಲು ಚುಕ್ಕೆಗಳಿಂದ ಬರುತ್ತಿಲ್ಲ. ರಂಧ್ರದ ಸುತ್ತ ದಟ್ಟ ಅನಿಲದ ಕಂಬಳಿ ಹೊದೆಸಿದಂತಿದ್ದು, ಕಿರಣ ಒಳಗೇ ಉಳಿಯುತ್ತಿರಬಹುದೆಂಬುದು ಒಂದು ವಿವರಣೆ. ಹಾಗಿದ್ದರೆ ಗೆರೆಗಳ ಅಗಲವನ್ನು ನಂಬಿ ಹಾಕಿದ ತೂಕವೂ ಅತಿಯಾಗಿರಬಹುದು. ಈ ಅನುಮಾನಕ್ಕೆ ಉತ್ತರವೆಂಬಂತೆ 2025ರಲ್ಲಿ ಅಬೆಲ್ 2744ರ ಹಿಂದಿನ ಒಂದು ಕೆಂಪು ಚುಕ್ಕೆಯ ಸುತ್ತಲ ಅನಿಲದ ತಿರುಗಾಟವನ್ನೇ ನೇರವಾಗಿ ಅಳೆದು, ತೂಕ ಐದು ಕೋಟಿ ಸೂರ್ಯರಷ್ಟೆಂದು ಕಂಡುಕೊಂಡ ವರದಿ ಬಂತು. ಅದರ ಸುತ್ತ ಗೆಲಾಕ್ಸಿ ಎನ್ನುವಂಥದ್ದು ಹೆಸರಿಗಷ್ಟೇ ಇತ್ತು. ಮನೆ ಕಟ್ಟುವ ಮೊದಲೇ ಯಜಮಾನ ಬಂದು ಕುಳಿತಂತಿದೆ ಇದು.

ಹತ್ತಿರದಲ್ಲೂ ಸಾಕ್ಷ್ಯ ಹುಡುಕುವವರಿದ್ದಾರೆ. ಯಾರ ಜೊತೆಗೂ ಸೇರದೆ, ಹೆಚ್ಚು ಬೆಳೆಯದೆ ಉಳಿದ ಕುಬ್ಜ ಗೆಲಾಕ್ಸಿಗಳು ಒಂದು ರೀತಿಯಲ್ಲಿ ಹಳೆಯ ಕಡತಗಳು. ನಕ್ಷತ್ರದಿಂದ ಹುಟ್ಟುವ ಹಗುರ ಬೀಜ ಎಲ್ಲೆಡೆ ಬಿತ್ತಿದ್ದರೆ ಇವುಗಳಲ್ಲಿ ಬಹುಪಾಲು ಗೆಲಾಕ್ಸಿಗಳಲ್ಲಿ ಸಣ್ಣ ರಂಧ್ರ ಸಿಗಬೇಕು. ಭಾರದ ಬೀಜ ಅಪರೂಪದ್ದು. ಅದೇ ನಿಜವಾದರೆ ಹಲವು ಕುಬ್ಜ ಗೆಲಾಕ್ಸಿಗಳ ನಡುಮನೆ ಖಾಲಿಯಿರಬೇಕು. ಈ ಜನಗಣತಿ ಇನ್ನೂ ಮುಗಿದಿಲ್ಲ.

ಕಿವಿಗೊಡುವ ಕೆಲಸ

ನೋಡುವುದರ ಜೊತೆಗೆ ಕೇಳುವ ದಾರಿಯೂ ಇದೆ. ಅದರ ಮೊದಲ ಪಾಠ ಬರೆದವರಲ್ಲಿ ಒಬ್ಬರು ಬೆಂಗಳೂರಿನವರು. 1938ರಲ್ಲಿ ಇಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ ಅಮೆರಿಕದಲ್ಲಿದ್ದಾಗ, 1970ರ ಪ್ರಬಂಧವೊಂದರಲ್ಲಿ, ಕಪ್ಪುರಂಧ್ರವನ್ನು ಅಲುಗಿಸಿದರೆ ಅದು ಬಡಿದ ಗಂಟೆಯಂತೆ ಕ್ಷಣಕಾಲ ಅನುರಣಿಸಿ ಸುಮ್ಮನಾಗುತ್ತದೆ ಎಂದು ತೋರಿಸಿದರು. ಆ ನಾದ ಶಬ್ದದ್ದಲ್ಲ, ದೇಶಕಾಲದಲ್ಲೇ ಏಳುವ ಗುರುತ್ವ ಅಲೆಗಳದ್ದು. ಗಂಟೆಯ ಸದ್ದು ಕೇಳಿ ಕಂಚಿನ ತೂಕ ಊಹಿಸುವಂತೆ ಅದರಿಂದ ರಂಧ್ರದ ತೂಕ ತಿಳಿಯಬಹುದು. ಮುಂದೆ ನಗರದ ನೆಹರು ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಅವರೇ. ಎರಡು ರಂಧ್ರಗಳು ಕೂಡಿ ಒಂದಾದಾಗಿನ ಅಲೆಗಳನ್ನು ಲೈಗೊ ಉಪಕರಣ 2015ರ ಸೆಪ್ಟೆಂಬರ್‌ನಲ್ಲಿ ಹಿಡಿಯಿತು. ಸುದ್ದಿ 2016ರ ಫೆಬ್ರುವರಿಯಲ್ಲಿ ಹೊರಬಂತು. ವಿಶ್ವೇಶ್ವರ ಅದನ್ನು ಕಂಡು, 2017ರ ಜನವರಿಯಲ್ಲಿ ತೀರಿಕೊಂಡರು.

ಲೈಗೊಗೆ ಕೇಳಿಸುವುದು ಹಗುರ ರಂಧ್ರಗಳ ಸದ್ದು. ಅದರಲ್ಲೂ 2019ರ ಮೇ 21ರ ಘಟನೆಯಲ್ಲಿ ಸುಮಾರು 140 ಸೂರ್ಯರ ಹಾಗೂ 2025ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ಸುಮಾರು 225 ಸೂರ್ಯರ ರಂಧ್ರ ಹುಟ್ಟಿದ್ದು ತಿಳಿಯಿತು. ರಂಧ್ರಗಳು ಒಂದರೊಡನೊಂದು ಕೂಡಿಯೂ ಬೆಳೆಯುತ್ತವೆಂಬುದಕ್ಕೆ ಇದು ಸಾಕ್ಷಿ. ಇನ್ನೊಂದು ತುದಿಯಲ್ಲಿ, ನೂರಾರು ಕೋಟಿ ಸೂರ್ಯರ ದೈತ್ಯ ಜೋಡಿಗಳು ಎಬ್ಬಿಸುವ ಅತಿ ನಿಧಾನದ ಅಲೆಗಳ ಸುಳಿವನ್ನು ಹಲವು ದೇಶಗಳ ವಿಜ್ಞಾನಿಗಳು 2023ರ ಜೂನ್‌ನಲ್ಲಿ ಪ್ರಕಟಿಸಿದರು. ಗಡಿಯಾರದಂತೆ ಮಿಡಿಯುವ ಪಲ್ಸಾರ್‌ಗಳ ಮಿಡಿತದಲ್ಲಿನ ಏರುಪೇರನ್ನು ವರ್ಷಗಟ್ಟಲೆ ಗುರುತಿಸಿ ಕಂಡುಕೊಂಡದ್ದು ಅದು. ಪುಣೆ ಸಮೀಪದ ಜಿಎಂಆರ್‌ಟಿ ರೇಡಿಯೋ ದೂರದರ್ಶಕವೂ ಆ ಕೆಲಸದಲ್ಲಿ ಪಾಲ್ಗೊಂಡಿತ್ತು.

ಬೀಜಗಳದ್ದು ಇವೆರಡರ ನಡುವಣ ಸ್ವರ; ಸಾವಿರದಿಂದ ಲಕ್ಷಾಂತರ ಸೂರ್ಯರ ತೂಕದ್ದು. ಭೂಮಿಯ ಮೇಲಿನ ಯಾವ ಉಪಕರಣಕ್ಕೂ ಅದು ಕೇಳಿಸದು. ಅದಕ್ಕಾಗಿ ಮೂರು ನೌಕೆಗಳನ್ನು ಒಂದರಿಂದೊಂದು 25 ಲಕ್ಷ ಕಿಲೋಮೀಟರ್ ದೂರದಲ್ಲಿ ತ್ರಿಕೋನವಾಗಿ ನಿಲ್ಲಿಸಿ, ನಡುವೆ ಲೇಸರ್ ಕಿರಣ ಹಾಯಿಸುವ ‘ಲೀಸಾ’ ಯೋಜನೆಗೆ ಯುರೋಪಿನ ಬಾಹ್ಯಾಕಾಶ ಸಂಸ್ಥೆ 2024ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ವಿಶ್ವದ ಮೊದಲ ಕೆಲವು ಹತ್ತು ಕೋಟಿ ವರ್ಷಗಳಲ್ಲಿ ಕೂಡಿಕೊಂಡ ರಂಧ್ರಗಳ ಅನುರಣನ ಅದಕ್ಕೆ ಕೇಳಿಸಬೇಕು. ಸಾವಿರ ಸೂರ್ಯರಷ್ಟರ ಹಗುರ ರಂಧ್ರಗಳ ಸದ್ದು ಮೇಲಿಂದ ಮೇಲೆ ಬಂದರೆ ಅಸಲು ನಕ್ಷತ್ರಗಳದ್ದು. ಅವುಗಳ ಸುಳಿವೇ ಇಲ್ಲದೆ ಲಕ್ಷದ ತೂಕದವೇ ಅಲ್ಲೊಂದು ಇಲ್ಲೊಂದು ಕೇಳಿಸಿದರೆ ಮೋಡಗಳದ್ದು. ನೌಕೆಗಳ ಉಡಾವಣೆಗೆ ಈಗ ಇಟ್ಟುಕೊಂಡಿರುವ ಗಡುವು 2035.